ಬಿಪಿ ಏರುವ ಹೊತ್ತಿಗೆ ಬಸುರಿ ತವರಲ್ಲಿ

ಏಳು ತಿಂಗಳು ತುಂಬುತ್ತಿದ್ದಂತೆ ಹಳೇ ಮೈಸೂರಿನ ಕಡೆ ಸೀಮಂತ, ಉತ್ತರ ಕರ್ನಾಟಕದಲ್ಲಿ ಕುಬುಸ, ಕರಾವಳಿಯಲ್ಲಿ ಬಯಕೆ. ಹೆಸರು ಬೇರೆ, ನಡೆಯುವುದು ಹೆಚ್ಚುಕಡಿಮೆ ಒಂದೇ. ಹಸಿರು ಬಳೆ, ಮಡಿಲು ತುಂಬುವುದು, ಊಟ, ಆಮೇಲೆ ತವರಿನವರ ಜೊತೆ ಹೊರಡುವುದು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದು ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಪ್ರಶ್ನೆಯೇ ಇಲ್ಲದ ಮಾತು. ಅದರಲ್ಲಿ ತಪ್ಪೇನೂ ಇಲ್ಲ. ಅತ್ತೆ ಮನೆಯಲ್ಲಿ ಸಿಗದ ನಿದ್ದೆ ಅಮ್ಮನ ಮನೆಯಲ್ಲಿ ಸಿಗುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ಬಸುರಿನಲ್ಲಿ ಬರುವ ಬಿಪಿ, ಅದರಲ್ಲೂ ಪ್ರಿಎಕ್ಲಾಂಪ್ಸಿಯಾ (ಬಿಪಿ ಏರುವುದರ ಜೊತೆ ಕಿಡ್ನಿ, ಲಿವರ್, ಮೆದುಳಿಗೂ ಪೆಟ್ಟು ಬೀಳುವ, ಬಿಗಡಾಯಿಸಿದರೆ ಫಿಟ್ಸ್ ಬರಿಸುವ ಕಾಯಿಲೆ), ಜಾಸ್ತಿ ಕಾಡುವುದು ಚೊಚ್ಚಲ ಬಸುರಿಯರನ್ನೇ. ಅದು ಕಾಣಿಸಿಕೊಳ್ಳುವುದು 20 ವಾರದ ನಂತರ. ಬಹಳ ಜನರಲ್ಲಿ ಕೊನೆಯ ಎರಡು ತಿಂಗಳಲ್ಲಿ. ಅಂದರೆ ಬಿಪಿಯ ಹಳೆಯ ಅಂಕಿ ಗೊತ್ತಿರುವ ಒಬ್ಬರು ಹೊಸ ಅಂಕಿಯನ್ನು ನೋಡಬೇಕಾದ ಹೊತ್ತಿಗೇ ಬಸುರಿಯ ಊರು ಬದಲಾಗುತ್ತದೆ. ಆಶಾ ಕಾರ್ಯಕರ್ತೆ ಬದಲಾಗುತ್ತಾರೆ, ನರ್ಸಮ್ಮ ಬದಲಾಗುತ್ತಾರೆ, ಆಸ್ಪತ್ರೆಯೂ ಬದಲಾಗುತ್ತದೆ.

ಬಸುರಿನ ಬಿಪಿ ಬಗ್ಗೆ ಕನ್ನಡದಲ್ಲಿ ಬರುವ ಲೇಖನಗಳೆಲ್ಲ ಸಾಮಾನ್ಯವಾಗಿ ಲಕ್ಷಣ, ಕಾರಣ, ಪರಿಹಾರ ಅಂತ ಮೂರು ಭಾಗ ಮಾಡಿ ಮುಗಿಸುತ್ತವೆ. ಓದಿದರೆ ಇದು ಯಾರಿಗೋ ಬರುವ ಅಪರೂಪದ ಕಾಯಿಲೆ ಅನ್ನಿಸುತ್ತದೆ. ಹಾಗಲ್ಲ. ಪ್ರಿಎಕ್ಲಾಂಪ್ಸಿಯಾ ಒಂದೇ ಜಗತ್ತಿನಲ್ಲಿ 100 ಬಸುರಿಯರಲ್ಲಿ 3ರಿಂದ 8 ಜನರಿಗೆ ಬರುತ್ತದೆ. ಬಾಣಂತಿ ಸಾವಿಗೆ ರಕ್ತಸ್ರಾವ ಬಿಟ್ಟರೆ ಅತಿ ದೊಡ್ಡ ನೇರ ಕಾರಣ ಬಿಪಿ. ಹಾಗಂತ ಇದು ಗೊತ್ತಿಲ್ಲದ ರೋಗವೂ ಅಲ್ಲ. ಅಳೆಯುವ ಮೆಷೀನು ಪ್ರತಿ ಆರೋಗ್ಯ ಕೇಂದ್ರದಲ್ಲೂ ಇದೆ. ಮಾತ್ರೆ ಅಗ್ಗ. ಫಿಟ್ಸ್ ತಡೆಯುವ ಇಂಜೆಕ್ಷನ್ ಇನ್ನೂ ಅಗ್ಗ. ನನ್ನ ಪ್ರಕಾರ ತೊಂದರೆ ಇರುವುದು ಔಷಧಿಯಲ್ಲಲ್ಲ. ಅಳೆದ ಅಂಕಿಗೂ ಮುಂದಿನ ಕ್ರಮಕ್ಕೂ ನಡುವೆ ಇರುವ ಸಂದಿಯಲ್ಲಿ. ಆ ಸಂದಿ ಎರಡು ಸಲ ಬಾಯಿ ಬಿಡುತ್ತದೆ. ಒಮ್ಮೆ ತವರಿಗೆ ಹೊರಟಾಗ, ಇನ್ನೊಮ್ಮೆ ಹೆರಿಗೆಯಾಗಿ ಮನೆಗೆ ಬಂದ ಮೇಲೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಡ್ರಿಪ್‌ಗೆ ಹಾಕುವ ದ್ರಾವಣದ ಮೇಲೆ ಅನುಮಾನ ಬಂತು, ವಿಧಾನಸಭೆಯಲ್ಲಿ ಗದ್ದಲವಾಯಿತು. ಆಗಬೇಕಾದದ್ದೇ. ಆದರೆ ಬಿಪಿಯಿಂದ ಆಗುವ ಸಾವು ಹೀಗೆ ಒಂದೇ ವಾರದಲ್ಲಿ ಒಂದೇ ಆಸ್ಪತ್ರೆಯಲ್ಲಿ ಆಗುವುದಿಲ್ಲ. ಇಲ್ಲೊಬ್ಬರು, ಅಲ್ಲೊಬ್ಬರು. ಹಾಗಾಗಿ ಸುದ್ದಿಯಾಗುವುದಿಲ್ಲ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು. ದೇಶದ ಸರಾಸರಿ 97 ಇರುವಾಗ ಇದು ಪರವಾಗಿಲ್ಲ ಅನ್ನಿಸಬಹುದು. ಆದರೆ ಅದೇ ಅವಧಿಯಲ್ಲಿ ಕೇರಳದ್ದು 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದ್ದು 54. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಅದೂ ನಮ್ಮಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿರುವಾಗ. ಹೆರಿಗೆಗೆ ಆಸ್ಪತ್ರೆಗೆ ಬನ್ನಿ ಅನ್ನುವ ಕೆಲಸ ಮುಗಿದಿದೆ. ಉಳಿದಿರುವುದು ಹೆರಿಗೆಯ ಹಿಂದಿನ ವಾರಗಳು ಮತ್ತು ಮುಂದಿನ ವಾರಗಳು.

ಮೊದಲು ಅಂಕಿಗಳನ್ನು ನೋಡೋಣ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದಾಗಲೂ ಅಷ್ಟೇ ಇದ್ದರೆ, ಅದು ಅಧಿಕ ರಕ್ತದೊತ್ತಡ. 20 ವಾರಕ್ಕೆ ಮೊದಲೇ ಇದ್ದರೆ ಹಳೆಯ ಬಿಪಿ ಅಂತ ಲೆಕ್ಕ. ನಂತರ ಬಂದರೆ ಬಸುರಿನ ಬಿಪಿ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಅಥವಾ ಲಿವರ್, ಕಿಡ್ನಿ, ರಕ್ತದ ಪ್ಲೇಟ್‌ಲೆಟ್, ಮೆದುಳು ಇವುಗಳಲ್ಲಿ ಯಾವುದಾದರೂ ಏರುಪೇರಾಗಿದ್ದರೆ ಅದೇ ಪ್ರಿಎಕ್ಲಾಂಪ್ಸಿಯಾ. ಮೂತ್ರದಲ್ಲಿ ಪ್ರೋಟೀನ್ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ ಆಗಬಹುದು ಅನ್ನೋದನ್ನು ಕೆಲವು ಹಳಬರು ಇನ್ನೂ ಒಪ್ಪಿಕೊಂಡಿಲ್ಲ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. 160/110 ದಾಟಿದರೆ ನಾಳೆ ಬನ್ನಿ ಅನ್ನುವಂತಿಲ್ಲ. ಒಂದು ಗಂಟೆಯೊಳಗೆ ಚಿಕಿತ್ಸೆ ಶುರುವಾಗಬೇಕು. ಆ ಮಟ್ಟದಲ್ಲಿ ಮೆದುಳಿನ ರಕ್ತನಾಳ ಒಡೆಯುವ ಭಯ ಇರುತ್ತದೆ.

ಇದು ಯಾಕೆ ಬರುತ್ತದೆ? ಟೆನ್ಷನ್‌ನಿಂದ ಅಲ್ಲ. ಉಪ್ಪಿನಕಾಯಿ ತಿಂದಿದ್ದರಿಂದಲೂ ಅಲ್ಲ. ಬೇರು ಇರುವುದು ಮಾಸಿನಲ್ಲಿ. ಬಸುರಿನ ಮೊದಲ ಅರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸಣ್ಣ ರಕ್ತನಾಳಗಳ ಒಳಗೆ ಹೊಕ್ಕು ಅವುಗಳನ್ನು ಅಗಲ ಮಾಡಬೇಕು. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆಗ ಮಾಸಿನ ಪಾಡು ಕಾಲುವೆಯ ತುದಿಯ ಗದ್ದೆಯಂತೆ. ಮೇಲೆ ನೀರು ಹರಿಯುತ್ತಿದ್ದರೂ ಅಲ್ಲಿಗೆ ತಲುಪುವುದಿಲ್ಲ. ಮಗು ಚಿಕ್ಕದಿರುವಾಗ ಹೇಗೋ ನಡೆಯುತ್ತದೆ. ಮಗು ಬೆಳೆದು ಬೇಡಿಕೆ ಜಾಸ್ತಿಯಾದ ಹಾಗೆ ಕೊರತೆ ಹೊರಗೆ ಬರುತ್ತದೆ. ರಕ್ತ ಸಾಲದ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಭಾರತ ಮೂಲದ ವೈದ್ಯ ವಿಜ್ಞಾನಿ ಅನಂತ್ ಕರುಮಂಚಿ ಮತ್ತು ಸಂಗಡಿಗರು ಬೋಸ್ಟನ್‌ನಲ್ಲಿ ಇದರಲ್ಲೊಂದನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ಎಸ್‌ಎಫ್‌ಎಲ್‌ಟಿ-1 ಅಂತ ಅದರ ಹೆಸರು. ರಕ್ತನಾಳಗಳ ಒಳಪದರವನ್ನು ಕಾಪಾಡುವ ಅಂಶಗಳನ್ನು ಇದು ಹಿಡಿದು ಕಟ್ಟಿಹಾಕುತ್ತದೆ. ಒಳಪದರ ಹಾಳಾದರೆ ಎಲ್ಲ ಕಡೆಯೂ ಹಾಳು. ಕಿಡ್ನಿಯಲ್ಲಿ ಪ್ರೋಟೀನ್ ಸೋರುತ್ತದೆ, ಲಿವರ್ ಊದುತ್ತದೆ, ಮೆದುಳಿಗೆ ಬಾವು ಬರುತ್ತದೆ, ರಕ್ತನಾಳ ಬಿಗಿದು ಬಿಪಿ ಏರುತ್ತದೆ.

ಅಂದರೆ ಬಿಪಿ ಇಲ್ಲಿ ರೋಗವಲ್ಲ, ರೋಗದ ಗುರುತು. ಮಾತ್ರೆ ಕೊಟ್ಟು ಅಂಕಿ ಇಳಿಸಿದರೆ ತಾಯಿಯ ಮೆದುಳು ಉಳಿಯುತ್ತದೆ. ಒಳಗಿನ ರೋಗ ನಡೆಯುತ್ತಲೇ ಇರುತ್ತದೆ. ಮಾಸು ಹೊರಗೆ ಬರುವವರೆಗೂ ಅದಕ್ಕೆ ಕೊನೆಯಿಲ್ಲ.

ಮಗುವಿನ ಕಡೆಯಿಂದ ನೋಡಿದರೂ ಅಷ್ಟೇ. ಬೆಳವಣಿಗೆ ಕುಂಠಿತವಾಗಬಹುದು. ಮಾಸು ಹೆರಿಗೆಗೆ ಮೊದಲೇ ಬಿಟ್ಟುಕೊಂಡು ಒಳಗೇ ರಕ್ತಸ್ರಾವ ಆಗಬಹುದು. ಇಲ್ಲವೇ ಅವಧಿಗೆ ಮೊದಲೇ ಹೆರಿಗೆ ಮಾಡಿಸಬೇಕಾದ ಸ್ಥಿತಿ.

ಇನ್ನು ಲಕ್ಷಣಗಳ ವಿಷಯ. ಇಲ್ಲಿ ನಮ್ಮ ಮನೆಮಾತು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಕಾಲಿಗೆ ನೀರು ಬರುವುದು ಬಸುರಿಯರಲ್ಲಿ ಮಾಮೂಲು, ನಿಜ. ಸಂಜೆ ಹೊತ್ತಿಗೆ ಪಾದ ಊದಿದ್ದು ಬೆಳಗ್ಗೆ ಇಳಿದಿದ್ದರೆ ಹೆದರಬೇಕಿಲ್ಲ. ಬೆಳಗ್ಗೆ ಎದ್ದಾಗಲೇ ಮುಖ ಊದಿದ್ದರೆ, ಬೆರಳಿನ ಉಂಗುರ ಬಿಗಿಯಾಗಿದ್ದರೆ, ವಾರದಲ್ಲಿ ಒಂದು ಕೆಜಿಗಿಂತ ಜಾಸ್ತಿ ತೂಕ ಏರಿದ್ದರೆ ಅದು ಬೇರೆ. ತಲೆನೋವಿಗೆ ಬಿಸಿಲು ಅಂತಾರೆ, ಮಾತ್ರೆ ನುಂಗಿದರೂ ಹೋಗದಿದ್ದರೆ ಬಿಸಿಲಲ್ಲ. ಕಣ್ಣೆದುರು ಮಿಂಚಿದ ಹಾಗೆ, ಮಂಜು ಕವಿದ ಹಾಗೆ ಆದರೆ ರಕ್ತ ಕಮ್ಮಿ ಅಂತ ದಾಳಿಂಬೆ ತಂದುಕೊಡ್ತಾರೆ. ಎಲ್ಲಕ್ಕಿಂತ ಮೋಸ ಮಾಡುವುದು ಹೊಟ್ಟೆಯ ಮೇಲ್ಭಾಗದ ನೋವು. ಎದೆಗೂಡಿನ ಕೆಳಗೆ ನಡುವಲ್ಲೋ ಬಲಗಡೆಯೋ ಹಿಂಡಿದಂಥ ನೋವು, ಜೊತೆಗೆ ವಾಂತಿ. ಕರ್ನಾಟಕದಲ್ಲಿ ಈ ನೋವಿಗೆ ಒಂದೇ ಹೆಸರು: ಗ್ಯಾಸ್ಟ್ರಿಕ್. ಜೀರಿಗೆ ಕಷಾಯ, ಮೆಡಿಕಲ್ ಸ್ಟೋರಿನ ಒಂದು ಮಾತ್ರೆ, ಮಲಗು ಅಂತಾರೆ. ಏಳು ತಿಂಗಳ ನಂತರದ ಬಸುರಿಯಲ್ಲಿ ಈ ನೋವು ಲಿವರ್ ಊದಿದ್ದರ ಸೂಚನೆ ಇರಬಹುದು. ರಕ್ತಕಣ ಒಡೆಯುವುದು, ಲಿವರ್ ಕೆಡುವುದು, ಪ್ಲೇಟ್‌ಲೆಟ್ ಕುಸಿಯುವುದು, ಮೂರೂ ಸೇರಿದ ಹೆಲ್ಪ್ ಸಿಂಡ್ರೋಮ್ ಎಂಬ ಸ್ಥಿತಿ ಹೀಗೇ ಶುರುವಾಗುತ್ತದೆ. ಕೆಲವೊಮ್ಮೆ ಬಿಪಿ ಅಷ್ಟೇನೂ ಜಾಸ್ತಿ ಇಲ್ಲದಿರುವಾಗಲೇ. ಅದಕ್ಕೆ ಬೇಕಿರುವುದು ಕಷಾಯವಲ್ಲ, ಒಂದು ರಕ್ತ ಪರೀಕ್ಷೆ.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಬಹಳ ಜನರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಗಟ್ಟಿಮುಟ್ಟಾಗಿದ್ದಾಳೆ, ಓಡಾಡಿಕೊಂಡಿದ್ದಾಳೆ, ಅವಳಿಗೇನು ಬಿಪಿ ಅನ್ನುವ ಮಾತಿಗೆ ಬೆಲೆಯಿಲ್ಲ. ರಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಓಟಗಾರ್ತಿ ಟೋರಿ ಬೋವಿ 2023ರಲ್ಲಿ ತೀರಿಕೊಂಡಾಗ ಎಂಟು ತಿಂಗಳ ಬಸುರಿ. ವಯಸ್ಸು 32. ಮರಣೋತ್ತರ ವರದಿಯಲ್ಲಿ ಹೇಳಿದ ಸಂಭವನೀಯ ತೊಡಕುಗಳಲ್ಲಿ ಎಕ್ಲಾಂಪ್ಸಿಯಾ ಕೂಡ ಒಂದು.

ಹಾಗಾಗಿ ಅಳೆಯದೆ ಬೇರೆ ದಾರಿಯಿಲ್ಲ. ಅಳೆಯುವುದು ಹೇಗೆ ಅನ್ನುವುದೂ ಮುಖ್ಯ. ಐದು ನಿಮಿಷ ಸುಮ್ನೆ ಕೂತಿರಬೇಕು. ಬೆನ್ನಿಗೆ ಒರಗು, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ. ಮೂತ್ರ ಕಟ್ಟಿಕೊಂಡಿರಬಾರದು, ಮಾತಾಡಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಒಂಬತ್ತನೇ ತಾರೀಖಿನ ಸುರಕ್ಷಿತ ಮಾತೃತ್ವ ತಪಾಸಣೆಯ ದಿನ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ ವರಾಂಡ ನೋಡಿ. ಬೆಂಚು ತುಂಬಿ ನಿಂತವರೇ ಜಾಸ್ತಿ, ಒಬ್ಬರೇ ಸಿಸ್ಟರ್, ಒಂದೇ ಮೆಷೀನು. ಅಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ ಎಲ್ಲಿಂದ ತರುವುದು? ಮೊದಲ ತಪಾಸಣೆಯಿಂದ ಕೊನೆಯದರವರೆಗೂ 110/70 ಅಂತಲೇ ಬರೆದ ತಾಯಿ ಕಾರ್ಡುಗಳು ಸಿಗುತ್ತವೆ. ಮನುಷ್ಯರ ಬಿಪಿ ಅಷ್ಟು ಶಿಸ್ತಿನದಲ್ಲ. ಅಂಥ ಕಾರ್ಡಿನಲ್ಲಿ ಅಳತೆ ಇಲ್ಲ, ಖಾನೆ ತುಂಬಿಸಿದ ಗುರುತಷ್ಟೇ ಇದೆ.

ಮೂತ್ರ ಪರೀಕ್ಷೆಯೂ ಹೀಗೇ. ಬೆಂಕಿಕಡ್ಡಿಗಿಂತ ಕೊಂಚ ಉದ್ದದ ಪ್ಲಾಸ್ಟಿಕ್ ಪಟ್ಟಿ, ತುದಿಯಲ್ಲಿ ಹಳದಿ ಚೌಕ. ಮೂತ್ರದಲ್ಲಿ ಅದ್ದಿ ಒಂದು ನಿಮಿಷ ಕಾದರೆ ಸಾಕು. ಪ್ರೋಟೀನ್ ಇದ್ದರೆ ಹಳದಿ ಹಸಿರಿಗೆ ತಿರುಗುತ್ತದೆ. ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಿ ಒಂದು ಪ್ಲಸ್, ಎರಡು ಪ್ಲಸ್ ಅಂತ ಬರೆಯುತ್ತಾರೆ. ಇಷ್ಟು ಸುಲಭದ ಪರೀಕ್ಷೆ. ಆದರೆ ಮೊದಲ ತಿಂಗಳಲ್ಲಿ ಒಮ್ಮೆ ಮಾಡಿ ಮರೆತರೆ ಏನೂ ಪ್ರಯೋಜನವಿಲ್ಲ. ಅದರ ಕೆಲಸ ಇರುವುದು ಐದನೇ ತಿಂಗಳ ನಂತರದ ಪ್ರತಿ ಭೇಟಿಯಲ್ಲಿ.

ಈಗ ತವರಿನ ವಿಷಯಕ್ಕೆ ಮತ್ತೆ ಬರೋಣ. ಒಬ್ಬಳ ಬಿಪಿ ನಾಲ್ಕನೇ ತಿಂಗಳಲ್ಲಿ 96/60 ಇತ್ತು ಅಂದುಕೊಳ್ಳಿ. ಎಂಟನೇ ತಿಂಗಳಲ್ಲಿ 134/86. ಹೊಸ ಊರಿನ ನರ್ಸಮ್ಮನ ಕಣ್ಣಿಗೆ ಇದು ನಾರ್ಮಲ್. 140/90 ಮುಟ್ಟಿಲ್ಲವಲ್ಲ. ನಿಯಮದ ಪ್ರಕಾರ ಅವರು ಹೇಳುವುದು ಸರಿಯೇ, ಇದಕ್ಕೆ ಅಧಿಕ ರಕ್ತದೊತ್ತಡ ಎಂಬ ಹಣೆಪಟ್ಟಿ ಹಚ್ಚುವಂತಿಲ್ಲ. ಆದರೆ ಹಳೆಯ ಅಂಕಿ ನೋಡಿದವರು ಇವಳನ್ನು ತಿಂಗಳು ಬಿಟ್ಟು ಬಾ ಅನ್ನುವುದಿಲ್ಲ. ಮೂರು ದಿನ ಬಿಟ್ಟು ಬಾ ಅನ್ನುತ್ತಾರೆ. ಏರಿಕೆ ಕಾಣಬೇಕಾದರೆ ಎರಡೂ ಅಂಕಿ ಒಂದೇ ಮೇಜಿನ ಮೇಲೆ ಇರಬೇಕು. ತಾಯಿ ಕಾರ್ಡ್ ಇರುವುದು ಅದಕ್ಕೇ. ಆದರೆ ಬಹಳ ಜನ ಖಾಸಗಿ ಕ್ಲಿನಿಕ್ಕಿಗೂ ಹೋಗುತ್ತಾರೆ, ಬಿಪಿ ಅಲ್ಲಿನ ಫೈಲಿನಲ್ಲಿ ಇರುತ್ತದೆ. ತವರಿಗೆ ಹೊರಡುವಾಗ ಸ್ಕ್ಯಾನಿಂಗ್ ರಿಪೋರ್ಟನ್ನು ಮರೆಯದೆ ಬ್ಯಾಗಿಗೆ ಹಾಕುತ್ತಾರೆ. ಅದರಲ್ಲಿ ಮಗುವಿನ ಫೋಟೋ ಇದೆಯಲ್ಲ. ಬಿಪಿ ಬರೆದ ಚೀಟಿ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೂ ನಡೆಯುತ್ತಿತ್ತು.

ಸರ್ಕಾರದ ಪೋರ್ಟಲ್ಲಿನಲ್ಲಿ ತಾಯಿ ಕಾರ್ಡಿನ ಸಂಖ್ಯೆ ಹಾಕಿದರೆ ವಿವರ ಸಿಗಬೇಕು ಅನ್ನುವುದು ಲೆಕ್ಕಾಚಾರ. ಆದರೆ ಪೋರ್ಟಲ್ ತಾನಾಗಿ ಯಾರ ಮನೆ ಬಾಗಿಲನ್ನೂ ತಟ್ಟುವುದಿಲ್ಲ. ಇವಳು ಬಂದಿದ್ದಾಳೆ, ಚೊಚ್ಚಲು, ಬಿಪಿ ಸ್ವಲ್ಪ ಏರುತ್ತಿದೆ ಅಂತ ಈ ಊರಿನ ಆಶಾ ಆ ಊರಿನ ಆಶಾಗೆ ಫೋನ್ ಮಾಡಿದರೆ ಅರ್ಧ ಕೆಲಸ ಆದಂತೆ. ಕೆಲವರು ಮಾಡುತ್ತಾರೆ, ಸ್ವಂತ ಕಾಳಜಿಯಿಂದ. ಅದನ್ನು ಕಡ್ಡಾಯದ ಕೆಲಸ ಮಾಡಿ, ಅದಕ್ಕೊಂದು ಗೌರವಧನವನ್ನೂ ಇಡಬೇಕು.

ಮನೆ ಬಾಗಿಲಿಗೇ ಬಿಪಿ ಮೆಷೀನು ಒಯ್ದರೆ ಎಲ್ಲ ಸರಿಹೋಗುತ್ತದಾ? ಇದನ್ನು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿ ನೋಡಿದ್ದಾರೆ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಕ್ಲಿಪ್ ಎಂಬ ದೊಡ್ಡ ಅಧ್ಯಯನ ನಡೆಸಿದರು. 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿ, 14 ಸಾವಿರಕ್ಕೂ ಜಾಸ್ತಿ ಬಸುರಿಯರು. ಅರ್ಧ ಕಡೆ ಆಶಾ ಮತ್ತು ಕಿರಿಯ ಆರೋಗ್ಯ ಸಹಾಯಕಿಯರ ಕೈಗೆ ಬಿಪಿ ಮೆಷೀನು, ಅಪಾಯ ಲೆಕ್ಕ ಹಾಕುವ ಮೊಬೈಲ್ ಆ್ಯಪ್, ಬೇಕಾದಾಗ ಕೊಡಲು ಬಿಪಿ ಇಳಿಸುವ ಮಿಥೈಲ್‌ಡೋಪಾ ಮಾತ್ರೆ ಮತ್ತು ಫಿಟ್ಸ್ ತಡೆಯುವ ಮೆಗ್ನೀಸಿಯಂ ಇಂಜೆಕ್ಷನ್. ಫಲಿತಾಂಶ ಪೆಚ್ಚಾಗಿಸುವಂಥದ್ದು. ಎರಡೂ ಕಡೆಯ ತಾಯಿ ಮಕ್ಕಳ ಸಾವು ಮತ್ತು ತೊಂದರೆಗಳಲ್ಲಿ ಒಟ್ಟಾರೆ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಎಂಟು ಅಥವಾ ಅದಕ್ಕಿಂತ ಜಾಸ್ತಿ ಸಲ ಭೇಟಿ ಸಿಕ್ಕವರಲ್ಲಿ ಫಲಿತಾಂಶ ಚೆನ್ನಾಗಿತ್ತು. ಜಾಸ್ತಿ ಭೇಟಿ ಸಿಕ್ಕವರು ಮೊದಲೇ ಅನುಕೂಲಸ್ಥರು ಇದ್ದಿರಬಹುದು ಅಂತ ಯಾರಾದರೂ ತಗಾದೆ ತೆಗೆದರೆ ತಪ್ಪಲ್ಲ. ಆದರೂ ನಾನು ಇದನ್ನು ಹೀಗೆ ಓದುತ್ತೇನೆ: ಮೆಷೀನು ಕೊಟ್ಟರೆ ಸಾಲದು, ಅದು ಒಬ್ಬಳ ತೋಳಿಗೆ ಮತ್ತೆ ಮತ್ತೆ ಹತ್ತಬೇಕು, ಏರಿದಾಗ ಹೋಗಲು ಒಂದು ಗಟ್ಟಿ ಆಸ್ಪತ್ರೆಯೂ ಇರಬೇಕು.

ಮಾತ್ರೆಗಳ ಬಗ್ಗೆ ಭಯ ಜಾಸ್ತಿ. ಬಸುರಿನಲ್ಲಿ ಮಾತ್ರೆ ತಿಂದರೆ ಮಗುವಿಗೆ ತೊಂದರೆ ಅಂತ ಡಾಕ್ಟರು ಬರೆದುಕೊಟ್ಟದ್ದನ್ನೂ ಬಿಡುವವರಿದ್ದಾರೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ, ಈ ಮೂರೂ ಬಸುರಿಯರಿಗೆ ದಶಕಗಳಿಂದ ಕೊಡುತ್ತಿರುವ ಔಷಧಗಳು. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ 894 ಬಸುರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಬಿಪಿಯನ್ನೂ ಈ ಮಾತ್ರೆಗಳಿಂದಲೇ ಆರು ಗಂಟೆಯೊಳಗೆ ಹಿಡಿತಕ್ಕೆ ತರಬಹುದು ಅನ್ನುವುದು ಗೊತ್ತಾಯಿತು. ನಿಫೆಡಿಪಿನ್‌ನಲ್ಲಿ ನೂರಕ್ಕೆ 84 ಜನರಿಗೆ, ಉಳಿದೆರಡರಲ್ಲಿ ಮುಕ್ಕಾಲು ಭಾಗ ಜನರಿಗೆ. ನರಕ್ಕೆ ಕೊಡುವ ಇಂಜೆಕ್ಷನ್ ಇಲ್ಲದ ಸಣ್ಣ ಆಸ್ಪತ್ರೆಗೆ ಇದು ದೊಡ್ಡ ಸಮಾಧಾನ. ಮೊದಲೇ ಬಿಪಿ ಇದ್ದವರಿಗೆ ಅದು ಸ್ವಲ್ಪವೇ ಜಾಸ್ತಿ ಇದ್ದರೂ ಮಾತ್ರೆ ಕೊಡುವುದು ಒಳ್ಳೆಯದು, ಮಗುವಿನ ಬೆಳವಣಿಗೆಗೆ ಅದರಿಂದ ಧಕ್ಕೆಯಿಲ್ಲ ಅಂತ 2022ರ ಅಮೆರಿಕದ ಅಧ್ಯಯನ ತೋರಿಸಿತು.

ನಿಜಕ್ಕೂ ಹೆದರಬೇಕಾದದ್ದು ಬೇರೆ ಮಾತ್ರೆಗಳಿಗೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್. ಮನೆಯಲ್ಲಿ ಅಪ್ಪನಿಗೋ ಅತ್ತೆಗೋ ದಿನಾ ಕೊಡುವ ಬಿಪಿ ಮಾತ್ರೆ ಬಹುತೇಕ ಇವುಗಳಲ್ಲೇ ಒಂದು. ಇವು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಯನ್ನು ಹಾಳು ಮಾಡಬಲ್ಲವು. ಅಪ್ಪನ ಡಬ್ಬಿಯಿಂದ ಒಂದು ತಗೋ ಅನ್ನುವಂತಿಲ್ಲ. ಮೂವತ್ತು ದಾಟಿ, ಮೊದಲೇ ಬಿಪಿ ಮಾತ್ರೆ ತಗೊಳ್ಳುತ್ತಿರುವ ಹೆಣ್ಣುಮಕ್ಕಳು ಈಗ ಜಾಸ್ತಿಯಾಗಿದ್ದಾರೆ. ಅವರು ಮಗು ಬೇಕು ಅಂದುಕೊಂಡಾಗಲೇ ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಬೇಕು. ಅವರಾಗಿ ನಿಲ್ಲಿಸುವುದೂ ಅಪಾಯವೇ.

ಇನ್ನು ಮೆಗ್ನೀಸಿಯಂ ಸಲ್ಫೇಟ್. ಇಡೀ ಕಥೆಯಲ್ಲಿ ನನಗೆ ಅತಿ ಆಶ್ಚರ್ಯ ಹುಟ್ಟಿಸುವ ಔಷಧಿ ಇದು. ಗೊಬ್ಬರದ ಅಂಗಡಿಯಲ್ಲೂ ಸಿಗುವ ಉಪ್ಪು. ಅದನ್ನು ಶುದ್ಧ ಮಾಡಿ ಆಂಪ್ಯೂಲಿಗೆ ತುಂಬಿದರೆ ಎಕ್ಲಾಂಪ್ಸಿಯಾಗೆ ಜಗತ್ತಿನ ಅತಿ ಒಳ್ಳೆಯ ಔಷಧಿ. ಫಿಟ್ಸ್ ಮರುಕಳಿಸದಂತೆ ತಡೆಯುವುದರಲ್ಲಿ ಇದು ಹಳೆಯ ಫಿಟ್ಸ್ ಔಷಧಿಗಳಿಗಿಂತ ಎಷ್ಟೋ ಮೇಲು ಅಂತ 1995ರಲ್ಲಿ ಸಾಬೀತಾಯಿತು. ಆ ಅಧ್ಯಯನದಲ್ಲಿ ಭಾರತವೂ ಇತ್ತು. 2002ರಲ್ಲಿ 33 ದೇಶಗಳ ಸುಮಾರು 10 ಸಾವಿರ ಮಹಿಳೆಯರ ಅಧ್ಯಯನ ಮುಂದಿನ ಮಾತು ಹೇಳಿತು: ಫಿಟ್ಸ್ ಬರುವ ಮೊದಲೇ ಕೊಟ್ಟರೆ ಫಿಟ್ಸ್ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸ್ ಕೊಡುವ ದೃಶ್ಯ ನೋಡಿದರೆ ಇದು ಎಂಥ ಕೆಲಸ ಅಂತ ಗೊತ್ತಾಗುತ್ತದೆ. ಒಂದು ಆಂಪ್ಯೂಲಿನಲ್ಲಿ ಒಂದು ಗ್ರಾಂ, ಬೇಕಿರುವುದು ಹತ್ತು ಗ್ರಾಂ. ಸಿಸ್ಟರ್ ಹತ್ತು ಆಂಪ್ಯೂಲ್ ಒಡೆಯಬೇಕು. ಐದು ಒಂದು ಸಿರಿಂಜಿಗೆ, ಐದು ಇನ್ನೊಂದಕ್ಕೆ. ಎರಡೂ ಕುಂಡಿಯ ಮಾಂಸಖಂಡಕ್ಕೆ ಆಳವಾಗಿ ತಲಾ 10 ಎಂಎಲ್. ನೋವು ಜೋರು, ಮೈಯೆಲ್ಲ ಬಿಸಿ ಹತ್ತಿದ ಹಾಗಾಗುತ್ತದೆ. ಇಷ್ಟನ್ನು ಕೊಟ್ಟೇ 108 ಹತ್ತಿಸಬೇಕು. ಕೊಡದೆ ಬರೀ ಚೀಟಿ ಬರೆದು ಕಳಿಸಿದರೆ ದಾರಿಯಲ್ಲೇ ಫಿಟ್ಸ್ ಬರಬಹುದು.

ಕೊಡದಿರಲು ಕಾರಣ ಔಷಧಿ ಇಲ್ಲದ್ದಕ್ಕಿಂತ ಹೆಚ್ಚಾಗಿ ಅಂಜಿಕೆ. ಜಾಸ್ತಿಯಾದರೆ ಉಸಿರು ನಿಂತುಬಿಡುತ್ತದೆ ಅಂತ ಓದಿರುತ್ತಾರೆ. ನಿಜ. ಅದಕ್ಕೇ ಮುಂದಿನ ಡೋಸುಗಳಿಗೆ ಮೊದಲು ಮೊಣಕಾಲಿನ ಮೇಲೆ ತಟ್ಟಿ ಕಾಲು ಎಗರುತ್ತದಾ, ಉಸಿರು ಸರಿಯಾಗಿದೆಯಾ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬರುತ್ತಿದೆಯಾ ಅಂತ ನೋಡುತ್ತಾರೆ. ಹೆಚ್ಚುಕಮ್ಮಿಯಾದರೆ ಕ್ಯಾಲ್ಸಿಯಂ ಗ್ಲುಕೊನೇಟ್ ಇದೆ. ಮೊದಲ ಡೋಸಿಗೆ ಹೆದರುವ ಅಗತ್ಯವೇ ಇಲ್ಲ. ನರ್ಸಮ್ಮಂದಿರೂ ಅದನ್ನು ಕೊಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ.

ಹೆರಿಗೆ ಯಾವಾಗ ಮಾಡಿಸಬೇಕು ಅನ್ನುವುದು ಮನೆಯವರಿಗೂ ಡಾಕ್ಟರಿಗೂ ಜಟಾಪಟಿಯಾಗುವ ಜಾಗ. ಪ್ರಿಎಕ್ಲಾಂಪ್ಸಿಯಾ ತೀವ್ರ ಇಲ್ಲದಿದ್ದರೆ 37 ವಾರದವರೆಗೆ ಕಾಯಬಹುದು. ತೀವ್ರವಾಗಿದ್ದರೆ 34 ವಾರವೇ ಗಡಿ. ಕೆಲವೊಮ್ಮೆ ಅದಕ್ಕೂ ಮೊದಲೇ. ಇನ್ನೂ ತಿಂಗಳು ತುಂಬಿಲ್ಲ, ಈಗಲೇ ಯಾಕೆ ಸಾರ್, ದುಡ್ಡಿಗಾಗಿ ಸಿಸೇರಿಯನ್ ಅಂತಿದ್ದಾರೆ ಅನ್ನುವ ಅನುಮಾನ ಬರುವುದು ಸಹಜ. ಆ ಅನುಮಾನಕ್ಕೆ ನಮ್ಮ ಖಾಸಗಿ ಆಸ್ಪತ್ರೆಗಳ ಸಿಸೇರಿಯನ್ ಅಂಕಿಗಳೇ ಕಾರಣ ಒದಗಿಸಿವೆ. ಅದನ್ನು ಮನೆಯವರ ಅಜ್ಞಾನ ಅಂತ ತಳ್ಳಿಹಾಕಲಾರೆ. ಆದರೆ ಪ್ರಿಎಕ್ಲಾಂಪ್ಸಿಯಾ ಇದ್ದಾಗ ಬೇಗ ಹೆರಿಗೆ ಮಾಡಿಸುವುದೇ ಚಿಕಿತ್ಸೆ. ಅದು ಸಿಸೇರಿಯನ್ನೇ ಆಗಬೇಕೆಂದಿಲ್ಲ, ನೋವು ಬರಿಸಿ ಮಾಮೂಲಿ ಹೆರಿಗೆಯೂ ಮಾಡಿಸಬಹುದು. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದೀರಾ, ಇಲ್ಲಿ ನವಜಾತ ಶಿಶು ಘಟಕ ಇದೆಯಾ, ರಕ್ತ ಸಿಗುತ್ತದಾ. ಇಲ್ಲ ಅನ್ನುವುದಾದರೆ ಹೆರಿಗೆಗೆ ಮೊದಲೇ ದೊಡ್ಡಾಸ್ಪತ್ರೆಗೆ ಹೋಗುವುದು ಒಳ್ಳೆಯದು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬ್ಯುಲೆನ್ಸ್ ಮಗುವಿಗೆ ಇನ್ನೊಂದಿಲ್ಲ.

ಎರಡನೇ ಸಂದಿ ಶುರುವಾಗುವುದು ಹೆರಿಗೆಯ ನಂತರ. ಮಗು ಬಂತು, ಮಾಸು ಬಿತ್ತು, ಗಂಡಾಂತರ ಕಳೆಯಿತು ಅಂತ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಹೆರಿಗೆಯಾದ ಮೇಲೆ ಬಿಪಿ ಅತಿ ಜಾಸ್ತಿಯಾಗುವುದು ಮೂರರಿಂದ ಆರನೇ ದಿನದ ನಡುವೆ. ಮಾಮೂಲಿ ಹೆರಿಗೆಯಾದವರನ್ನು ಮನೆಗೆ ಕಳಿಸುವುದು 48 ಗಂಟೆಗೆ. ಲೆಕ್ಕ ನೀವೇ ಹಾಕಿ. ಬಿಪಿ ಶಿಖರ ಮುಟ್ಟುವಾಗ ಅವಳು ಬಾಣಂತಿ ಕೋಣೆಯಲ್ಲಿ ಇರುತ್ತಾಳೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಬಿಸಿನೀರಿನ ಎರೆತ, ಸಾಂಬ್ರಾಣಿ ಹೊಗೆ. ಅಲ್ಲಿ ತಲೆ ಸಿಡಿಯುತ್ತಿದೆ ಅಂದರೆ ಥಂಡಿ ಆಗಿದೆ ಅನ್ನುತ್ತಾರೆ. ನಿದ್ದೆಯಿಲ್ಲದ್ದಕ್ಕೆ ಅನ್ನುತ್ತಾರೆ. ಫಿಟ್ಸ್ ಬಂದರೆ ಸನ್ನಿ ಅನ್ನುವವರು ಈಗಲೂ ಇದ್ದಾರೆ. ಬಸುರಿನಲ್ಲಿ ಒಮ್ಮೆಯೂ ಬಿಪಿ ಇಲ್ಲದವರಿಗೂ ಹೆರಿಗೆಯ ನಂತರ ಇದು ಮೊದಲ ಸಲ ಬರಬಹುದು. ಹೆರಿಗೆ ನಂತರದ ಫಿಟ್ಸ್ ಬಹುಪಾಲು ಮೊದಲ ಎರಡು ದಿನದಲ್ಲಿ ಬಂದರೂ, ವಾರಗಳ ನಂತರ ಬಂದ ಉದಾಹರಣೆಗಳಿವೆ.

ಹಾಗಾದರೆ ಮನೆಗೆ ಯಾರೂ ಬರುವುದಿಲ್ಲವಾ? ಬರುತ್ತಾರೆ. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು ಅಂತ ನಿಯಮವಿದೆ. ದಿನಗಳ ಆಯ್ಕೆ ನೋಡಿದರೆ ಬಿಪಿ ಅಳೆಯಲೆಂದೇ ಇಟ್ಟಂತಿದೆ. ಆದರೆ ಆ ಭೇಟಿಯ ಹೆಸರೇ ಮನೆಯಲ್ಲಿ ನವಜಾತ ಶಿಶು ಆರೈಕೆ. ಅದಕ್ಕೆಂದು ಕೊಟ್ಟ ಕಿಟ್‌ನಲ್ಲಿ ಮಗುವನ್ನು ತೂಗುವ ಜೋಲಿ ತಕ್ಕಡಿ, ಥರ್ಮಾಮೀಟರ್, ಉಸಿರು ಎಣಿಸಲು ಗಡಿಯಾರ, ಮಗುವಿಗೆ ಹೊದಿಕೆ ಇವೆ. ತಾಯಿಯ ತೋಳಿಗೆ ಕಟ್ಟುವ ಪಟ್ಟಿ ಇಲ್ಲ. ಮೂರನೇ ದಿನ ಒಬ್ಬ ತರಬೇತಿ ಪಡೆದ ಹೆಂಗಸು ಬಾಣಂತಿಯ ಮಂಚದ ಪಕ್ಕದಲ್ಲೇ ಕೂತು, ಮಗುವಿನ ತೂಕ ಬರೆದುಕೊಂಡು ಎದ್ದು ಹೋಗುತ್ತಾಳೆ. ಒಂದು ಡಿಜಿಟಲ್ ಮೆಷೀನು ಆ ಚೀಲದಲ್ಲಿದ್ದಿದ್ದರೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತಿತ್ತು ಅಷ್ಟೇ. ಹೊಸ ಯೋಜನೆ ಬೇಡ, ಹೊಸ ಹೆಸರು ಬೇಡ, ಉದ್ಘಾಟನೆ ಬೇಡ. ಇರುವ ಕಿಟ್‌ಗೆ ಒಂದು ವಸ್ತು ಸೇರಿಸಿ, ಇರುವ ಫಾರಂಗೆ ಒಂದು ಗೆರೆ ಸೇರಿಸಿದರಾಯಿತು. ಅಲ್ಲಿಯವರೆಗೆ, ಬಸುರಿನಲ್ಲಿ ಬಿಪಿ ಇದ್ದವಳ ಮನೆಯವರೇ ಒಂದು ಮೆಷೀನು ಕೊಂಡುಕೊಳ್ಳುವುದು ಬೆಳ್ಳಿ ಉಡುದಾರಕ್ಕಿಂತ ಉಪಯೋಗದ ಖರ್ಚು.

ತಡೆಯಲು ಆಗುವುದಿಲ್ಲವೇ ಅಂದರೆ, ಸ್ವಲ್ಪ ಮಟ್ಟಿಗೆ ಆಗುತ್ತದೆ. ಹಿಂದಿನ ಬಸುರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆದವರು, ಅವಳಿ ಮಕ್ಕಳಿರುವವರು, ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಅಥವಾ ಮೊದಲೇ ಬಿಪಿ ಇದ್ದವರು, ಇವರಿಗೆ ಮೂರನೇ ತಿಂಗಳ ಕೊನೆಯಿಂದ ಸಣ್ಣ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. 16 ವಾರದೊಳಗೆ ಶುರುವಾಗಬೇಕು, ತಡವಾದಷ್ಟೂ ಉಪಯೋಗ ಕಡಿಮೆ. ಅಪಾಯ ಜಾಸ್ತಿಯಿದ್ದವರಿಗೆ ರಾತ್ರಿ ಹೊತ್ತು 150 ಮಿಲಿಗ್ರಾಂ ಕೊಟ್ಟಾಗ ಅವಧಿಪೂರ್ವ ಪ್ರಿಎಕ್ಲಾಂಪ್ಸಿಯಾ ನೂರಕ್ಕೆ 62ರಷ್ಟು ಕಡಿಮೆಯಾಯಿತು ಅಂತ 2017ರ ಯುರೋಪಿನ ಅಧ್ಯಯನ ಹೇಳುತ್ತದೆ. ಇದನ್ನು ಡಾಕ್ಟರು ಹೇಳದೆ ತಗೊಳ್ಳಬಾರದು.

ಇನ್ನೊಂದು ಕ್ಯಾಲ್ಸಿಯಂ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ ಒಂದೂವರೆ ಗ್ರಾಂನಿಂದ ಎರಡು ಗ್ರಾಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಅಷ್ಟು ಮಾತ್ರೆ ನುಂಗುವುದು ಯಾರಿಗೆ ಬೇಕು? ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11 ಸಾವಿರ ಚೊಚ್ಚಲ ಬಸುರಿಯರಲ್ಲಿ 500 ಮಿಲಿಗ್ರಾಂ ಮತ್ತು 1500 ಮಿಲಿಗ್ರಾಂ ಹೋಲಿಸಿ ನೋಡಿದರು. ಟಾಂಜಾನಿಯಾದಲ್ಲೂ ಅಷ್ಟೇ ಜನರಲ್ಲಿ ಇದೇ ಪ್ರಯೋಗ ನಡೆಯಿತು. 2024ರ ಆರಂಭದಲ್ಲಿ ಫಲಿತಾಂಶ ಬಂತು. ಬೆಂಗಳೂರಿನಲ್ಲಿ ಕಡಿಮೆ ಡೋಸ್ ತಗೊಂಡವರಲ್ಲಿ ಪ್ರಿಎಕ್ಲಾಂಪ್ಸಿಯಾ ಶೇ 3.0, ಜಾಸ್ತಿ ತಗೊಂಡವರಲ್ಲಿ ಶೇ 3.6. ಅಂದರೆ ಪ್ರಿಎಕ್ಲಾಂಪ್ಸಿಯಾ ಮಟ್ಟಿಗೆ ಕಡಿಮೆ ಡೋಸ್ ಹಿಂದೆ ಬೀಳಲಿಲ್ಲ. ನಮ್ಮ ಸರ್ಕಾರಿ ಕೇಂದ್ರಗಳಲ್ಲಿ 500 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು ಕೊಡುತ್ತಾರೆ. ಮನೆಗೆ ತಂದು ಡಬ್ಬಿಯಲ್ಲೇ ಇಡದೆ ನುಂಗಿದರೆ ಸಾಕು. ಕಬ್ಬಿಣದ ಮಾತ್ರೆ ಜೊತೆ ಮಾತ್ರ ಬೇಡ, ಎರಡು ಗಂಟೆ ಅಂತರ ಇರಲಿ. 100 ಗ್ರಾಂ ರಾಗಿಯಲ್ಲೂ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವವರು ಹೆಮ್ಮೆ ಪಡಲಿ, ಮಾತ್ರೆ ಬಿಡುವುದು ಬೇಡ.

ಉಪ್ಪು ಪೂರ್ತಿ ಬಿಡಿಸುವುದರಿಂದ ಪ್ರಿಎಕ್ಲಾಂಪ್ಸಿಯಾ ತಡೆಯಲು ಆಗುವುದಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದರಿಂದಲೂ ಆಗುವುದಿಲ್ಲ. ಸಪ್ಪೆ ಸಾರು ಉಣಿಸಿ ಬಸುರಿಯನ್ನು ಸೊರಗಿಸುವುದು ಸುಮ್ನೆ ಹಿಂಸೆ.

ಕೊನೆಯದಾಗಿ, ಬಹಳ ಜನ ಡಾಕ್ಟರುಗಳೂ ಕೇಳದ ಒಂದು ವಿಷಯ. ಪ್ರಿಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಕಾಯಂ ಬಿಪಿ ಬರುವ ಸಾಧ್ಯತೆ ಉಳಿದವರಿಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು. ಹೆರಿಗೆಯಾಗಿ ಬಿಪಿ ಇಳಿದರೂ ಈ ಲೆಕ್ಕ ಅಳಿಸಿಹೋಗುವುದಿಲ್ಲ. ಅಂಥವರು ಹೆರಿಗೆಯಾಗಿ ಮೂರು ತಿಂಗಳಾದಾಗ ಒಮ್ಮೆ ತೋರಿಸಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸುತ್ತಿರಬೇಕು. ಸರ್ಕಾರದ ಬಿಪಿ, ಶುಗರ್ ತಪಾಸಣೆ ಶುರುವಾಗುವುದು 30 ವರ್ಷ ದಾಟಿದವರಿಗೆ. ಆಗ ಆಶಾ ತುಂಬುವ ಫಾರಂನಲ್ಲಿ ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದಲ್ಲಿ ಕಾಯಿಲೆ ಇದೆಯಾ ಅಂತ ಕೇಳಿ ಅಂಕ ಕೊಡುತ್ತಾರೆ. ಬಸುರಿನಲ್ಲಿ ಬಿಪಿ ಬಂದಿತ್ತಾ ಅನ್ನುವುದಕ್ಕೆ ಆ ಅಂಕಪಟ್ಟಿಯಲ್ಲಿ ಜಾಗವಿಲ್ಲ. 22ಕ್ಕೆ ಎಕ್ಲಾಂಪ್ಸಿಯಾ ಆಗಿ ಬದುಕಿ ಬಂದವಳು ಮುಂದಿನ ಎಂಟು ವರ್ಷ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವಳನ್ನು ಹುಡುಕುವುದು ಕಷ್ಟದ ಕೆಲಸವೇನಲ್ಲ. ಹೆಸರು, ಊರು, ಫೋನ್ ನಂಬರು ತಾಯಿ ಕಾರ್ಡಿನ ದಾಖಲೆಯಲ್ಲಿ ಆಗಲೇ ಇದೆ.